ಅಪ್ಪನ ವಾರ

ಕೆಂಪು ದೀಪ ಮೂರು ಸಲ ಮಿಣುಕಿ, ಸ್ವಲ್ಪ ತಡೆದು, ಮತ್ತೆ ಮೂರು ಸಲ ಮಿಣುಕುತ್ತಿತ್ತು. ಮೂರು ಸಲ ಅಂದರೆ ಒಳಗಿನ ನೀರು ಹೊರಗೆ ಹೋಗುತ್ತಿಲ್ಲ ಎಂದರ್ಥವೆಂದು ಮೆಷಿನ್ನಿನ ಜೊತೆ ಬಂದ ಪುಸ್ತಿಕೆ ಹೇಳುತ್ತಿತ್ತು. ಅದು ಪುಸ್ತಿಕೆ ಹೇಳಬೇಕಾದ ಮಾತೇನಲ್ಲ, ಗಾಜಿನ ಬಾಗಿಲಿನೊಳಗೆ ಅರ್ಧಕ್ಕೆ ನಿಂತ ನೀರು ಕುರುಡನಿಗೂ ಕಾಣುತ್ತಿತ್ತು. ಬಚ್ಚಲುಮನೆಯ ನೆಲದ ಮೇಲೆ ಮಂಡಿಯೂರಿ ಕೂತ ತಪಿಯೊ ಪುಸ್ತಿಕೆಯನ್ನು ಮಡಚಿ ಬೇಸಿನ್ನಿನ ಮೇಲಿಟ್ಟ. ಇಪ್ಪತ್ತೆರಡು ವರ್ಷದಿಂದ ಕುವೋಪಿಯೊ ಊರಿನ ಲಿಫ್ಟುಗಳನ್ನು ರಿಪೇರಿ ಮಾಡಿಕೊಂಡು ಬಂದವನಿಗೆ ಒಂದು ವಾಷಿಂಗ್ ಮೆಷಿನ್ನಿನ ಎದುರು ಮಂಡಿಯೂರುವುದು ಅವಮಾನವಲ್ಲ. ಗಂಟೆ ಒಂಬತ್ತಾಗುತ್ತಾ ಬಂದರೂ ಅದರ ರೋಗ ತಿಳಿಯದೆ ಇರುವುದು ಅವಮಾನ. ಹೋದ ತಿಂಗಳು ವಾರಾಂತ್ಯದ ಪಾಳಿ ಮಾಡಿದ್ದಕ್ಕೆ ಸಿಕ್ಕ ಮಂಗಳವಾರದ ರಜೆ ಹೀಗೆ ಕಳೆಯುತ್ತಿದೆಯಲ್ಲ ಎಂಬ ಸಿಟ್ಟೂ ಇತ್ತು. ಆದರೆ ಆ ಸಿಟ್ಟು ಮೇಲುಮೇಲಿನದು, ಅದರ ಕೆಳಗೆ ಇನ್ನೇನೋ ಇತ್ತು. ಮಗಳು ಶಾಲೆಯಿಂದ ಬರುವಷ್ಟರಲ್ಲಿ ಇದು ಸರಿಹೋಗಬೇಕು. ಸರಿಹೋಗದಿದ್ದರೆ ಅವಳು ಹೊರಟುಬಿಡುತ್ತಾಳೆ. ಯಾಕೆ ಹಾಗನ್ನಿಸಿತು ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಅವನು ಎದ್ದು ಬಂದಾಗಲೇ ಮೆಷಿನ್ ನಿಂತುಹೋಗಿತ್ತು. ಹೆಲ್ಕಾ ಆಗಲೇ ಎದ್ದು, ಕೂದಲು ಕಟ್ಟಿಕೊಂಡು, ಅಡುಗೆಮನೆಯಲ್ಲಿ ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ನಿಂತಿದ್ದಳು. ಹನ್ನೆರಡು ವರ್ಷದ ಹುಡುಗಿ, ಬೇರೆ ದಿನ ಮೂರು ಸಲ ಕೂಗದೆ ಹಾಸಿಗೆ ಬಿಡದವಳು. ಇಷ್ಟು ಬೇಗ ಯಾಕೆ ಎದ್ದಳು ಎಂದು ಅವನಿಗೆ ಹೊಳೆಯಲಿಲ್ಲ. ಮೆಷಿನ್ ಯಾಕೆ ನಿಂತಿತು ಎಂಬುದಷ್ಟೇ ಹೊಳೆದದ್ದು. ಕೊನೆಗೆ ಏನು ಮಾಡಿದೆ ಎಂದು ಕೇಳಿದ. ಅದು ಅವನ ಕಸುಬಿನ ಪ್ರಶ್ನೆ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಾಗ ಒಳಗಿದ್ದವರನ್ನು ಮೊದಲು ಕೇಳುವುದು ಅದನ್ನೇ, ನಿಲ್ಲುವ ಮುಂಚೆ ಕೊನೆಗೆ ಏನು ಮಾಡಿದಿರಿ? ಎಲ್ಲರೂ ಏನೂ ಇಲ್ಲ ಅನ್ನುತ್ತಾರೆ. ಬಾಗಿಲಿಗೆ ಸೋಫಾ ಸಿಕ್ಕಿಸಿದವರು, ನೆಗೆದು ನೋಡಿದವರು, ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿದವರು, ಎಲ್ಲರದ್ದೂ ಅದೇ ಉತ್ತರ. ಜನ ಸುಳ್ಳು ಹೇಳುತ್ತಾರೆ, ಯಂತ್ರ ಹೇಳುವುದಿಲ್ಲ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವನು ಕಾಫಿ ಹೊತ್ತಿನಲ್ಲಿ ಹೇಳುವುದುಂಟು. ಹೆಲ್ಕಾ ಕೂಡ ಏನೂ ಇಲ್ಲ ಅಂದಳು. ಆಟದ ಬಟ್ಟೆ ಹಾಕಿದ್ದೆ, ತಾನಾಗೇ ನಿಂತುಹೋಯಿತು ಅಂದಳು. ಬೆಣ್ಣೆ ಸವರುವುದು ಮುಗಿದ ಮೇಲೂ ಚಾಕು ಬ್ರೆಡ್ಡಿನ ಮೇಲೆ ಆಡುತ್ತಲೇ ಇತ್ತು. ಬೆಳ್ಳಂಬೆಳಿಗ್ಗೆ ಯಾರು ಆಟದ ಬಟ್ಟೆ ಒಗೆಯುತ್ತಾರೆ, ಎಷ್ಟು ಬಟ್ಟೆ ತುರುಕಿದೆ, ಜೇಬು ನೋಡಿದೆಯಾ, ಹೋದ ಸಲ ಜೇಬಲ್ಲಿ ಕೂದಲಿನ ಪಿನ್ನು ಬಿಟ್ಟಿದ್ದೆಯಲ್ಲ ಎಂದು ಅವನು ಒಂದರ ಹಿಂದೊಂದು ಕೇಳುತ್ತಾ ಹೋದ. ದನಿ ಏರಿಸಲಿಲ್ಲ. ದನಿ ಏರಿಸದೆ ಕೇಳುವುದೇ ತನ್ನ ಒಳ್ಳೆಯತನ ಎಂದು ಅವನು ಬಹಳ ವರ್ಷದಿಂದ ನಂಬಿಕೊಂಡು ಬಂದಿದ್ದ.

ಹೊರಡುವಾಗ ಬೂಟಿನ ದಾರ ಕಟ್ಟಿಕೊಳ್ಳುತ್ತಾ, ತಲೆಯೆತ್ತದೆ, ಅವಳು ಕೇಳಿದ್ದಳು:

"ಅಪ್ಪಾ, ಇವತ್ತು ಅಮ್ಮನ ಮನೆಗೆ ಹೋಗ್ಲಾ?"

"ಇವತ್ತು ಮಂಗಳವಾರ."

"ಗೊತ್ತು."

"ಶುಕ್ರವಾರ ಹೇಗೂ ಹೋಗ್ತೀಯಲ್ಲ."

ಅವಳು ಹೂಂ ಅಂದು ಹೋದಳು. ಕತ್ತಲಿನ್ನೂ ಹರಿದಿರಲಿಲ್ಲ, ಅಕ್ಟೋಬರಿನ ಕೊನೆ, ಅಂಗಳದಲ್ಲಿ ಸೈಕಲ್ಲುಗಳ ಸೀಟಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಮೂರನೆಯ ಮಹಡಿಯ ಕಿಟಕಿಯಿಂದ ಅವನು ಅವಳ ಬೆನ್ನಚೀಲದ ಹೊಳೆಯುವ ಪಟ್ಟಿ ತಿರುವಿನ ತನಕ ಹೋಗುವುದನ್ನು ನೋಡಿದ. ವಾರದ ನಡುವೆ ಆ ಮನೆಗೆ ಹೋಗಬೇಕೆಂದು ಅವಳು ಕೇಳಿದ್ದು ಈ ಎರಡು ವರ್ಷದಲ್ಲಿ ಇದೇ ಮೊದಲು.

ಒಂದು ವಾರ ಅಪ್ಪನದು, ಒಂದು ವಾರ ಅಮ್ಮನದು. ಶುಕ್ರವಾರ ಬೆಳಿಗ್ಗೆ ಒಂದು ಮನೆಯಿಂದ ಶಾಲೆಗೆ ಹೋದವಳು ಮಧ್ಯಾಹ್ನ ಇನ್ನೊಂದು ಮನೆಗೆ ಬರುತ್ತಾಳೆ. ಹಾಗಾಗಿ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಹೆಲ್ಕಾಳ ತರಗತಿಯಲ್ಲಿ ಏಳು ಜನ ಹೀಗೆ ಎರಡು ಮನೆಯವರಿದ್ದಾರೆ, ಅದೇನು ಊರಲ್ಲಿಲ್ಲದ ಸಂಗತಿಯಲ್ಲ. ನಗರಸಭೆಯ ಕಚೇರಿಯಲ್ಲಿ ಮೃದು ಮಾತಿನ ಅಧಿಕಾರಿ ಹೆಂಗಸೊಬ್ಬಳ ಎದುರು ಕೂತು ಕಾಗದಕ್ಕೆ ಸಹಿ ಹಾಕುವಾಗ ಹೆಲ್ಕಾಳ ಅಮ್ಮ ಕೈಸು ಹೆಚ್ಚೇನೂ ಕೇಳಲಿಲ್ಲ. ಕೇಳಿದವನು ತಪಿಯೊನೇ. ಅವರವರ ವಾರದಲ್ಲಿ ಅವರವರ ಮನೆಯ ವಿಷಯ ಅವರವರ ಮನೆಯಲ್ಲೇ ಇರಬೇಕು ಅಂದ. ಯಾಕೆಂದರೆ ಬೇರೆಯಾದ ಮೊದಲ ತಿಂಗಳುಗಳಲ್ಲಿ ಕೈಸು ದಿನಾ ಸಂಜೆ ಮಗಳಿಗೆ ಫೋನ್ ಮಾಡುತ್ತಿದ್ದಳು. ಊಟ ಆಯಿತಾ, ಏನು ಊಟ, ಉಣ್ಣೆಯ ಕಾಲುಚೀಲ ಹಾಕಿದೀಯಾ, ಅಪ್ಪ ಎಲ್ಲಿ? ಅವನು ಅಲ್ಲೇ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ನಿಂತು, ತನ್ನ ಮನೆಯಲ್ಲಿ ತಾನೇ ಹಾಸ್ಟೆಲಿನ ವಾರ್ಡನ್ ಆಗಿ, ತಪಾಸಣೆಗೆ ಬಂದವರ ಎದುರು ನಿಂತ ಹಾಗೆ ಅದನ್ನೆಲ್ಲ ಕೇಳಿಸಿಕೊಳ್ಳಬೇಕಾಗಿತ್ತು. ಸಹಿಯಾದ ಮೇಲೆ ನಿಯಮಗಳನ್ನು ತನ್ನ ಗುಂಡು ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಇನ್ನೊಂದು ಮನೆಗೆ ಫೋನ್ ತುರ್ತು ಇದ್ದರೆ ಮಾತ್ರ ಎಂಬುದು ನಾಲ್ಕನೆಯದು. ಹೋದ ಚಳಿಗಾಲ ಹೆಲ್ಕಾಳಿಗೆ ಜ್ವರ ಬಂದಾಗ ಅವಳು ಅಮ್ಮನಿಗೆ ಎರಡು ಸಾಲು ಬರೆದು ಕಳಿಸಿದ್ದಳು. ಅವನು ಬೈಯಲಿಲ್ಲ. ಆ ಸಂಜೆಯೆಲ್ಲ ಮಾತಾಡಲಿಲ್ಲ, ಅಷ್ಟೆ.

ಮೆಷಿನ್ನಿನ ಬುಡದಲ್ಲಿ ಒಂದು ಪುಟ್ಟ ಮುಚ್ಚಳ. ಅದನ್ನು ಎಬ್ಬಿಸಿದರೆ ಬೆರಳು ಗಾತ್ರದ ರಬ್ಬರ್ ಕೊಳವೆ, ಪಕ್ಕದಲ್ಲೇ ತಿರುಗಿಸಿ ತೆಗೆಯುವ ಫಿಲ್ಟರು. ಕೊಳವೆಯ ಬಾಯಿ ನೆಲಕ್ಕೆ ಎಷ್ಟು ಹತ್ತಿರವೆಂದರೆ ಅದರಡಿ ಬೋಗುಣಿ ಹಿಡಿಯುವುದಿಲ್ಲ. ಕೇಕ್ ಬೇಯಿಸುವ ತಟ್ಟೆಯನ್ನು ತಂದು ಇಟ್ಟು, ತುಂಬಿದಂತೆಲ್ಲ ಎದ್ದು ಚೆಲ್ಲಿ, ಮತ್ತೆ ಮಂಡಿಯೂರಿ, ಮತ್ತೆ ಎದ್ದು, ಇಪ್ಪತ್ತೆಂಟು ತಟ್ಟೆ ನೀರು ತೆಗೆದ. ನೀರು ಬೆಳ್ಳಗೆ ಮಬ್ಬಾಗಿ, ಮುಟ್ಟಿದರೆ ಜಾರುವಂತಿತ್ತು. ಅದರ ವಾಸನೆ ಅವನಿಗೆ ಬೇರೆಯಾಗಿ ಹತ್ತಲಿಲ್ಲ. ಆ ಬಚ್ಚಲುಮನೆಗೆ ಅಂಟಿಕೊಂಡೇ ಬಿಸಿಹಬೆಯಲ್ಲಿ ಬೆವರುವ ಸೌನಾ ಕೋಣೆ, ಮರದ ಬೆಂಚು, ಕಾಯಿಸುವ ಕಲ್ಲುಗಳು, ಪೈನ್ ಮರದ ಟಾರಿನ ಘಾಟು, ಆ ಸೀಮೆಯಲ್ಲಿ ಹುಟ್ಟಿ ಬೆಳೆದವರ ಮೂಗಿಗೆ ಅದು ಗಾಳಿಯ ಹಾಗೆ. ಫಿಲ್ಟರನ್ನು ತಿರುಗಿಸಿ ತೆಗೆಯುವಾಗ ಅವನ ಮನಸ್ಸು ಒಂದು ಕ್ಷಣ ಹಿಗ್ಗಿತು. ಪಿನ್ನು ಸಿಗುತ್ತದೆ. ಸಿಕ್ಕೇ ಸಿಗುತ್ತದೆ. ಅದನ್ನು ಅಂಗೈಯಲ್ಲಿಟ್ಟು ಸಂಜೆ ಅವಳಿಗೆ ತೋರಿಸುವುದು, ಏನೂ ಹೇಳದೆ ಸುಮ್ಮನೆ ತೋರಿಸುವುದು, ಅವಳ ಮುಖ ಕೆಂಪಾಗುವುದು, ಆಮೇಲೆ ಇವನು ನಕ್ಕು ಹೋಗಲಿ ಬಿಡು ಅನ್ನುವುದು, ಎಲ್ಲವನ್ನೂ ನೋಡಿಬಿಟ್ಟ. ಫಿಲ್ಟರಿನಲ್ಲಿ ಇದ್ದದ್ದು ಒಂದು ಚಿಟಿಕೆ ಬೂದು ನೂಲಿನ ಉಂಡೆ ಮಾತ್ರ. ಬೆರಳು ಹಾಕಿ ಪಂಪಿನ ರೆಕ್ಕೆ ತಿರುಗಿಸಿ ನೋಡಿದ. ಸಲೀಸಾಗಿ ತಿರುಗಿತು. ಹಿಂದಿನ ಕೊಳವೆ ಬಿಚ್ಚಿ ಊದಿದ, ಉಸಿರು ಆಚೆ ಬದಿ ಹೋಯಿತು. ಎಲ್ಲವೂ ಸರಿಯಾಗಿತ್ತು. ಮಗಳ ತಪ್ಪು ಸಿಗಲಿಲ್ಲವೆಂದು ತನಗೆ ಬೇಸರವಾಗಿದೆ ಎಂದು ತಿಳಿದಾಗ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಆಗಲೇ ಬಾಗಿಲು ತೆಗೆದು ಬಟ್ಟೆ ಹೊರಗೆ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ತೆಗೆಯಲಿಲ್ಲ. ಗಾಜಿಗೆ ಒತ್ತಿಕೊಂಡು ಅವಳ ಕರಿಯ ಆಟದ ಪ್ಯಾಂಟಿನ ಕಾಲೊಂದು ಕಾಣುತ್ತಿತ್ತು. ಈ ವಸಂತದಿಂದ ಅವಳು ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಾಳೆ, ನನ್ನ ಬಟ್ಟೆ ನೀನು ಮುಟ್ಟಬೇಡ ಅಂದಿದ್ದಳು, ಅವನೂ ಅದನ್ನು ಮೀರಿರಲಿಲ್ಲ. ಅದಲ್ಲದೆ ಇನ್ನೊಂದು ಕಾರಣವೂ ಇತ್ತು. ಲಿಫ್ಟನ್ನು ಖಾಲಿ ಓಡಿಸಿ ಪರೀಕ್ಷೆ ಮಾಡಬಾರದು, ಭಾರ ಹೇರಿಯೇ ನೋಡಬೇಕು. ಇಪ್ಪತ್ತೆರಡು ವರ್ಷದ ಅಭ್ಯಾಸ. ಹಾಗೆಂದು ಬಟ್ಟೆಯನ್ನು ಒಳಗೇ ಬಿಟ್ಟು, ನೀರು ಬರುತ್ತದೋ, ಕಾಯುತ್ತದೋ, ಹೋಗುತ್ತದೋ ಎಂದು ಮೂರನ್ನೂ ಒಟ್ಟಿಗೆ ನೋಡಿಬಿಡೋಣವೆಂದು ಅರವತ್ತು ಡಿಗ್ರಿಗೆ ತಿರುಗಿಸಿ ಗುಂಡಿ ಒತ್ತಿದ. ನೀರು ಬಂತು. ಕಾಯಿತು. ಡ್ರಮ್ಮು ಒಂದು ಸುತ್ತು ಆಚೆ, ಒಂದು ಸುತ್ತು ಈಚೆ ಹೊರಳಿತು. ಕಾಫಿ ಬಗ್ಗಿಸಿಕೊಂಡು ಬಂದು ಬಾಗಿಲಿಗೆ ಒರಗಿ ನಿಂತು ಅದರ ಸದ್ದು ಕೇಳಿದ.

ಭಾನುವಾರ ಅವಳು ಈಜಲು ಬರುವುದಿಲ್ಲ ಅಂದಿದ್ದಳು. ಅಪ್ಪನ ವಾರದ ಭಾನುವಾರ ಅಂದರೆ ಈಜುಕೊಳ, ಆಮೇಲೆ ಅಲ್ಲೇ ಮಾಂಸದ ಕಡುಬು, ಅದು ಮನೆ ಎರಡಾಗುವ ಮುಂಚೆ, ಅವಳು ಐದು ವರ್ಷದವಳಿದ್ದಾಗಿನಿಂದ ನಡೆದುಬಂದದ್ದು. ಮೈ ಸರಿಯಿಲ್ಲವಾ ಅಂದರೆ ಸರಿಯಿದೆ, ಗೆಳತಿಯರು ಬರುತ್ತಾರಾ ಅಂದರೆ ಇಲ್ಲ, ಮತ್ತೇನು ಅಂದರೆ ಏನಿಲ್ಲ. ಅಮ್ಮನ ಜೊತೆಯಾಗಿದ್ದರೆ ಹೋಗುತ್ತಿದ್ದೆ, ಅಲ್ಲವಾ ಎಂದು ಅವನು ನಗುತ್ತಲೇ ಕೇಳಿದ್ದ. ಅವಳು ಅವನನ್ನೇ ನೋಡಿದಳು. ಹೌದು ಎಂದೂ ಇಲ್ಲ ಎಂದೂ ಅಲ್ಲದ ನೋಟ, ತುಂಬ ದೂರದಿಂದ ಯಾರನ್ನೋ ಗುರುತು ಹಿಡಿಯಲು ನೋಡುವ ಹಾಗೆ. ಅವನು ಒಬ್ಬನೇ ಹೋಗಿ ನಲವತ್ತು ಸುತ್ತು ಈಜಿ, ಒಬ್ಬನೇ ಕಡುಬು ತಿಂದು ಬಂದಿದ್ದ. ತಾನು ಹೋಗಿಬಂದದ್ದು ಅವಳಿಗೆ ಶಿಕ್ಷೆ ಕೊಡಲಿಕ್ಕೆ ಎಂಬುದು ಅವನಿಗೆ ಮೂರನೆಯ ಸುತ್ತಿನಲ್ಲೇ ಗೊತ್ತಾಗಿತ್ತು. ಆದರೂ ನಲವತ್ತನ್ನೂ ಮುಗಿಸಿದ್ದ.

ಕಾಫಿ ಅರ್ಧವಾಗುವಷ್ಟರಲ್ಲಿ ಮೆಷಿನ್ನಿನ ತಲೆಯ ಮೇಲಿನ ಸೋಪಿನ ಗೂಡು ತಾನಾಗಿ ಒಂದು ಬೆರಳು ಹೊರಗೆ ಬಂತು. ಅದರ ಸಂದಿನಿಂದ ನೊರೆ, ಉಕ್ಕುವ ಹಾಲಿನ ಹಾಗೆ, ಸದ್ದಿಲ್ಲದೆ ಏರಿ ಮುಂಭಾಗದ ಮೇಲೆ ಇಳಿಯತೊಡಗಿತು. ಬಾಗಿಲಿನ ಗಾಜು ಪೂರಾ ಬೆಳ್ಳಗಾಯಿತು. ಒಳಗೆ ಪಂಪು ಎತ್ತರದ ದನಿಯಲ್ಲಿ ಕಿರುಗುಟ್ಟಿತು. ಎಳೆಯಲು ನೀರು ಸಿಗದೆ ಬರೀ ಗಾಳಿಯನ್ನು ಎಳೆಯುವ ಪಂಪಿನ ಕಿರುಗುಟ್ಟುವಿಕೆ ಅದು, ಲಿಫ್ಟಿನ ಎಣ್ಣೆ ಕಡಿಮೆಯಾದಾಗ ಅವನು ನೂರು ಸಲ ಕೇಳಿದ್ದ. ಮತ್ತೆ ಮೂರು ಸಲ ಮಿಣುಕು. ಕೆಟ್ಟದ್ದು ಮೆಷಿನ್ನಲ್ಲ. ಒಳಗೆ ಯಾರೋ ಸೋಪಿನ ಸಮುದ್ರವನ್ನೇ ಸುರಿದಿದ್ದಾರೆ. ಅವನು ಸೌನಾದ ಬಾಗಿಲು ತೆಗೆದ. ಕೆಳಗಿನ ಬೆಂಚಿನ ಅಡಿಯಲ್ಲಿ ಪೈನ್ ಸೋಪಿನ ಬಾಟಲಿ. ಶನಿವಾರ ಅವನೇ ಹೊಸದನ್ನು ಒಡೆದು, ಒಂದು ಮುಚ್ಚಳದಷ್ಟು ಬಕೆಟ್ಟಿಗೆ ಬೆರೆಸಿ ಬೆಂಚುಗಳನ್ನು ಉಜ್ಜಿದ್ದ. ಈಗ ಎತ್ತಿ ಬೆಳಕಿಗೆ ಹಿಡಿದರೆ ಅರ್ಧ ಖಾಲಿ.

ಪೈನ್ ಸೋಪು ಅಂದರೆ ಅವನ ತಾಯಿ. ಪ್ರತಿ ಜೂನ್ ತಿಂಗಳೂ ಮುದುಕಿ ಮನೆಯ ಚಿಂದಿ ಜಮಖಾನಗಳನ್ನೆಲ್ಲ ಕೈಗಾಡಿಗೆ ಹೇರಿಕೊಂಡು ಕೆರೆದಂಡೆಯ ಒಗೆಯುವ ಕಟ್ಟೆಗೆ ಹೋಗುತ್ತಾಳೆ, ಹೆಲ್ಕಾ ಬ್ರಷ್ಷು ಹಿಡಿದು ಹಿಂದೆ ಓಡುತ್ತಾಳೆ. ಕಾಫಿಯ ಕಲೆ, ನಾಯಿಯ ಕಲೆ, ಮೀನಿನೆಣ್ಣೆಯ ಕಲೆ, ಎಲ್ಲದಕ್ಕೂ ಮುದುಕಿಯದು ಒಂದೇ ಮದ್ದು. ಇದು ತೆಗೆಯದ ಕಲೆ ಇನ್ನೂ ಹುಟ್ಟಿಲ್ಲ ಕಣೇ ಅನ್ನುತ್ತಾಳೆ. ಅದು ಕೈಯಲ್ಲಿ ಉಜ್ಜುವ ಸೋಪು, ಮೆಷಿನ್ನಿಗೆ ಒಂದು ಚಮಚ ಹಾಕಿದರೂ ರಗಳೆ, ಇದು ಊರಿನ ಮಕ್ಕಳಿಗೂ ಗೊತ್ತು. ತನ್ನ ಮಗಳಿಗೆ ಮಾತ್ರ ಗೊತ್ತಿಲ್ಲ. ಅಷ್ಟು ಹೊತ್ತು ಹಾಗೆ ಕೇಳಿದರೂ ಬೆಣ್ಣೆ ಸವರುತ್ತಾ ಏನೂ ಇಲ್ಲ ಅಂದಳಲ್ಲ. ತಪಿಯೊ ಮತ್ತೆ ಕೇಕಿನ ತಟ್ಟೆ ಹಿಡಿದು ನೀರು ತೆಗೆಯುತ್ತಾ ಸಂಜೆಗೆ ಮಾತು ಜೋಡಿಸತೊಡಗಿದ. ನೋಡು ಹೆಲ್ಕಾ, ಸೋಪು ಹಾಕಿದ್ದಕ್ಕೆ ನನಗೆ ಬೇಸರವಿಲ್ಲ, ಸುಳ್ಳು ಹೇಳಿದ್ದಕ್ಕೆ ಬೇಸರ. ಈ ವಾಕ್ಯ ಅವನಿಗೆ ತುಂಬ ಹಿಡಿಸಿತು. ಎರಡು ಮೂರು ಸಲ ತಿದ್ದಿ ಇನ್ನೂ ಚೆನ್ನಾಗಿ ಮಾಡಿದ.

ಹನ್ನೆರಡರ ಹೊತ್ತಿಗೆ ಬಾಗಿಲಿನ ಬೀಗ ಟಕ್ಕೆಂದು ಬಿಟ್ಟುಕೊಂಡಿತು. ನೊರೆಯೊಳಗೆ ಮೊಣಕೈ ತನಕ ಕೈ ಹಾಕಿ ಎಳೆದ. ಕರಿಯ ಪ್ಯಾಂಟು, ಎರಡು ಅಂಗಿ. ಅವುಗಳ ಹಿಂದೆ, ಅವುಗಳಿಂದ ಮುಚ್ಚಿಟ್ಟ ಹಾಗೆ, ಬಿಗಿಯಾಗಿ ಸುತ್ತಿದ ದೊಡ್ಡದೊಂದು ಗಂಟು. ಬಿಡಿಸಿದರೆ ಹಾಸಿಗೆಯ ಚಾದರ. ಅದರೊಳಗೆ ಹಾಸಿಗೆಯ ಮೇಲುಹೊದಿಕೆ, ಅದರೊಳಗೆ ನರಿಯ ಚಿತ್ರದ ಪೈಜಾಮ. ಮೂರರಲ್ಲೂ ಒಂದೇ ಜಾಗದಲ್ಲಿ ಕಂದು ಬಣ್ಣದ ಕಲೆ.

ಮೊದಲು ಅವನಿಗೆ ಗಾಯವೆಂದೇ ಅನ್ನಿಸಿತು. ಎಲ್ಲೋ ಬಿದ್ದಿದ್ದಾಳೆ, ಏನೋ ಕೊಯ್ದುಕೊಂಡಿದ್ದಾಳೆ, ತನಗೆ ಹೇಳಿಲ್ಲ. ಆಸ್ಪತ್ರೆಗೆ ಫೋನ್ ಮಾಡಲು ಒದ್ದೆ ಕೈಯಲ್ಲೇ ಜೇಬು ತಡಕಿದ. ಜೇಬಿನಲ್ಲಿ ಕೈ ಇದ್ದಂತೆಯೇ ಅರ್ಥವಾಯಿತು. ಸೌನಾದ ಬೆಂಚಿನ ತುದಿಗೆ ಹೋಗಿ ಕೂತ. ಹುಡುಗಿ ದೊಡ್ಡವಳಾಗಿದ್ದಾಳೆ. ಅವನು ಗೋಡೆಯ ಆಚೆ ಮಲಗಿದ್ದಾಗ, ಕತ್ತಲಲ್ಲಿ ಎದ್ದು, ದೀಪ ಹಾಕದೆ ಚಾದರ ಎಳೆದು, ಸುತ್ತಿ, ಅಜ್ಜಿಯ ಮದ್ದನ್ನು ನೆನಪು ಮಾಡಿಕೊಂಡು ಅರ್ಧ ಬಾಟಲಿ ಸುರಿದು, ಮೆಷಿನ್ನಿನ ಮುಂದೆ ಅದು ಮುಗಿಯಲೆಂದು ಕಾದು ಕೂತಿದ್ದಾಳೆ. ಅದು ಮುಗಿಯದೆ ಕೆಂಪು ದೀಪ ಮಿಣುಕಿದಾಗ ಅವಳ ಮುಖ ಹೇಗಿತ್ತೋ? ಆಮೇಲೆ ಅಪ್ಪ ಎದ್ದು ಬಂದು ದನಿ ಏರಿಸದೆ ಕೇಳಿದ, ಕೊನೆಗೆ ಏನು ಮಾಡಿದೆ? ತಪಿಯೊ ಚಾದರವನ್ನು ಮಡಿಲಲ್ಲಿಟ್ಟುಕೊಂಡಿದ್ದ. ನೀರು ಪ್ಯಾಂಟಿಗಿಳಿದು ತೊಡೆ ತಣ್ಣಗಾಗುತ್ತಿತ್ತು. ಕೈಸು ಒಮ್ಮೆ ಹೇಳಿದ್ದು ನೆನಪಾಯಿತು, ರಕ್ತಕ್ಕೆ ತಣ್ಣೀರೇ ಆಗಬೇಕು, ಬಿಸಿನೀರು ಬಿತ್ತೋ ಮುಗಿಯಿತು. ಅವನು ಅರವತ್ತು ಡಿಗ್ರಿಗೆ ಹಾಕಿದ್ದ. ಮಗಳು ಅಳಿಸಲು ನೋಡಿದ್ದನ್ನು ಅಪ್ಪ ಕಾಯಿಸಿ ಗಟ್ಟಿ ಮಾಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆ ಖಾಲಿ ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ, ಆದರೂ ಮುಖ ಮುಚ್ಚಿಕೊಂಡ.

ಅಂಗಡಿಗೆ ಹೋದ. ಪ್ಯಾಡುಗಳಿಗೇ ಒಂದು ಗೋಡೆಯುದ್ದದ ಸಾಲು ಇದೆ ಎಂಬುದು ಅವನಿಗೆ ಈ ತನಕ ಗೊತ್ತಿರಲಿಲ್ಲ. ದಿನಾ ಅದರ ಪಕ್ಕದಲ್ಲೇ ಹೋಗಿ ಹಾಲು ತರುತ್ತಿದ್ದ. ಹಸಿರು, ನೇರಳೆ, ನೀಲಿ ಪೊಟ್ಟಣಗಳು, ಹನಿಗಳ ಚಿತ್ರ, ಎರಡು ಹನಿ, ನಾಲ್ಕು ಹನಿ, ಐದು ಹನಿ, ರೆಕ್ಕೆ ಇರುವವು, ಇಲ್ಲದವು. ಲಿಫ್ಟಿನ ಬೇರಿಂಗುಗಳ ನಂಬರನ್ನು ನಿದ್ದೆಯಲ್ಲೂ ಒಪ್ಪಿಸುವ ಮನುಷ್ಯ ಅಲ್ಲಿ ಅಕ್ಷರ ಬಾರದವನಂತೆ ನಿಂತ. ಪರೀಕ್ಷೆ ಬರೆಯುವವನ ಹಾಗೆ ಒಂದೊಂದನ್ನೇ ಎತ್ತಿ ಓದಿ ಇಡುತ್ತಿರುವಾಗ ಹಿಂದಿನಿಂದ ಯಾರೋ ಆರನೆಯ ನಂಬರಿನ ಲಿಫ್ಟು ಮೂರನೆಯ ಮಹಡಿಯಲ್ಲಿ ಇನ್ನೂ ಜಗ್ಗುತ್ತದೆ ಅಂದರು. ಕೆಳದಾರಿಯ ಆರನೆಯ ಕಟ್ಟಡದ ಸೈಮಿ, ಎಂಬತ್ತು ದಾಟಿದ ಮುದುಕಿ, ತಳ್ಳುಗಾಡಿ ಹಿಡಿದು ನಿಂತಿದ್ದಳು. ಗುರುವಾರ ಬಂದು ನೋಡುತ್ತೇನೆಂದು ಇವನು ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದ. ಮುದುಕಿ ಅವನ ಮುಖ ನೋಡಿದಳು, ಅಂಗಡಿಯ ಸಾಲು ನೋಡಿದಳು, ಒದ್ದೆಯಾದ ಪ್ಯಾಂಟು ನೋಡಿದಳು.

"ಮಗಳಿಗಾ?"

"ಹೂಂ."

"ಮೊದಲನೇ ಸಲವಾ?"

ಅವನು ತಲೆಯಾಡಿಸಿದ. ಸೈಮಿ ಮೇಲಿನ ಸಾಲಿನಿಂದ ಎರಡು ಪೊಟ್ಟಣ ತೆಗೆದು ಅವನ ಬುಟ್ಟಿಗೆ ಹಾಕಿದಳು.

"ಇದು ಹಗಲಿಗೆ, ಇದು ರಾತ್ರಿಗೆ. ಬಚ್ಚಲಲ್ಲಿ ಇಟ್ಟುಬಿಡು, ಕೈಗೆ ಕೊಡೋಕೆ ಹೋಗ್ಬೇಡ. ಭಾಷಣ ಮಾಡ್ಬೇಡ, ಗೊತ್ತಾಯ್ತಾ? ನಮ್ಮಪ್ಪ ಮಾಡಿದ್ದ. ಇನ್ನೂ ಮರ್ತಿಲ್ಲ ನಾನು."

ಮೂರೂವರೆಗೆ ಬೀಗದ ಸದ್ದಾಯಿತು. ಚಾದರವನ್ನು ಅವನು ತಣ್ಣೀರಿನ ತೊಟ್ಟಿಯಲ್ಲಿ ನೆನೆಹಾಕಿ, ಎರಡು ಪೊಟ್ಟಣಗಳನ್ನೂ ಬೇಸಿನ್ನಿನ ಮೇಲೆ ಇಟ್ಟಿದ್ದ. ಮೆಷಿನ್ನಿನ ಬುಡದ ಮುಚ್ಚಳ, ಫಿಲ್ಟರು ಬಿಚ್ಚಿಟ್ಟದ್ದು ಹಾಗೆಯೇ ಇತ್ತು, ನೆಲವೆಲ್ಲ ಒದ್ದೆ, ಟವೆಲ್ಲುಗಳ ರಾಶಿ. ಬೆಳಿಗ್ಗೆ ಜೋಡಿಸಿದ್ದ ಆ ಚೆಂದದ ವಾಕ್ಯವನ್ನು ನೆನೆಯುವುದೂ ಈಗ ಅವನಿಗೆ ಬೇಡವಾಗಿತ್ತು. ಹೆಲ್ಕಾ ಬೂಟು ಬಿಚ್ಚದೆ ಒಳಗೆ ಬಂದಳು. ಆ ಊರಲ್ಲಿ ಮನೆಗೆ ಬೆಂಕಿ ಬಿದ್ದರೂ ಜನ ಬೂಟು ಬಿಚ್ಚಿಯೇ ಒಳಗೆ ಬರುತ್ತಾರೆ. ಅವಳು ಬಚ್ಚಲುಮನೆಯ ಹೊಸ್ತಿಲಲ್ಲಿ ನಿಂತು ತೊಟ್ಟಿ ನೋಡಿದಳು.

"ತೆಗ್ದುಬಿಟ್ಯಾ?"

"ತೆಗ್ದೆ."

ಅವಳ ಕತ್ತಿನಿಂದ ಕೆಂಪು ಏರುತ್ತಾ ಬಂದು ಕೂದಲಿನ ಬುಡ ಮುಟ್ಟಿತು. ಓಡಿಹೋಗುತ್ತಾಳೆ ಎಂದುಕೊಂಡ. ಓಡಲಿಲ್ಲ.

"ನಾನು ಬಿಸಿನೀರು ಹಾಕ್ಬಿಟ್ಟೆ ಹೆಲ್ಕಾ," ಅಂದ. "ಒಳಗೆ ಏನಿದೆ ಅಂತ ನೋಡ್ದೆ ಹಾಕ್ದೆ. ಇನ್ನು ಕಲೆ ಹೋಗಲ್ಲ. ಅದು ನನ್ ತಪ್ಪು, ನಿಂದಲ್ಲ."

"ಮೆಷಿನ್ ಕೆಟ್ಟೋಯ್ತಾ?"

"ಇಲ್ಲ. ಅದಕ್ಕೇನೂ ಆಗಿಲ್ಲ."

"ಅಜ್ಜಿ ಸೋಪು ಹಾಕಿದ್ರೆ ಹೋಗತ್ತೆ ಅನ್ಕೊಂಡೆ." ಅವಳ ದನಿ ನಡುಗುತ್ತಿತ್ತು. "ಮೊದಲು ಸ್ವಲ್ಪ ಹಾಕ್ದೆ. ಸಾಲಲ್ಲ ಅನ್ಸ್ತು."

ಅವನಿಗೆ ನಗು ಬಂತು, ತಡೆದುಕೊಂಡ. ತಡೆದುಕೊಂಡದ್ದು ಅವಳಿಗೆ ಕಂಡಿತು, ಅವಳ ತುಟಿಯ ಒಂದು ಮೂಲೆಯೂ ಅಲುಗಿತು, ಅಷ್ಟರಲ್ಲೇ ಅಳು ಬಂತು. ನಿಂತಲ್ಲೇ, ಬೆನ್ನಚೀಲ ಹೆಗಲಲ್ಲಿರುವಂತೆಯೇ ಅತ್ತಳು. ಹತ್ತಿರ ಹೋಗಬೇಕೋ ಬೇಡವೋ ತಿಳಿಯದೆ ಅವನು ಒದ್ದೆ ಟವೆಲ್ಲೊಂದನ್ನು ಹಿಂಡುತ್ತಾ ನಿಂತ. ಯಾವಾಗಿನಿಂದ ಎಂದು ಮಾತ್ರ ಕೇಳಿದ. ಭಾನುವಾರದಿಂದ ಅಂದಳು. ಭಾನುವಾರ ಬೆಳಿಗ್ಗೆಯಿಂದ. ಅಡುಗೆಮನೆಯ ಕಾಗದದ ಸುರುಳಿಯನ್ನು ಮಡಚಿ ಮಡಚಿ ಇಟ್ಟುಕೊಂಡಿದ್ದಳಂತೆ. ಶಾಲೆಯ ದಾದಿ ಇರುವುದು ಬುಧವಾರ ಮಾತ್ರ. ತಪಿಯೊ ಈಜುಕೊಳದ ನಲವತ್ತು ಸುತ್ತನ್ನು ನೆನೆದ.

"ಅಮ್ಮನಿಗೆ ಫೋನ್ ಮಾಡ್ಬಹುದಿತ್ತಲ್ಲ ಮಗಳೇ."

ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. ದೂರು ಹೇಳುವ ದನಿ ಅದಾಗಿರಲಿಲ್ಲ, ಲೆಕ್ಕ ಬಿಡಿಸಲಾಗದೆ ಕೇಳುವ ದನಿ.

"ತುರ್ತು ಇದ್ರೆ ಮಾತ್ರ ಅಂತ ಬರ್ದಿದೀಯಲ್ಲ. ಇದು ತುರ್ತಾ ಅಲ್ವಾ ಅಂತ ನಂಗೆ ಗೊತ್ತಾಗ್ಲಿಲ್ಲ."

ತಪಿಯೊ ಕೈಯಲ್ಲಿದ್ದ ಟವೆಲ್ಲನ್ನು ತೊಟ್ಟಿಯ ಅಂಚಿಗೆ ಹಾಕಿದ. ಮೂರು ದಿನ ಮಗು ಫ್ರಿಜ್ಜು ತೆಗೆಯುವಾಗೆಲ್ಲ ಅವನ ಗುಂಡು ಅಕ್ಷರದ ಎದುರು ನಿಂತು, ಹಾಲು ತೆಗೆದುಕೊಳ್ಳುತ್ತಾ, ಇದು ಅದರಲ್ಲಿ ಸೇರುತ್ತದೋ ಇಲ್ಲವೋ ಎಂದು ಯೋಚಿಸಿದೆ. ಕೈ ಒರೆಸಿಕೊಂಡ. ಜೇಬಿನಿಂದ ಫೋನ್ ತೆಗೆದು, ಎರಡು ವರ್ಷದಲ್ಲಿ ಒಮ್ಮೆಯೂ ಒತ್ತದ ಹೆಸರನ್ನು ಒತ್ತಿದ. ಎರಡನೆಯ ರಿಂಗಿಗೇ ಕೈಸು ಎತ್ತಿಕೊಂಡಳು. ಗಾಬರಿಯಿಂದ ಏನಾಯಿತು, ಹೆಲ್ಕಾಗೆ ಏನಾಯಿತು ಎಂದು ಕೇಳಿದಳು. ಆ ಗಾಬರಿ ಕೇಳಿ, ತನ್ನ ಹೆಸರು ಅವಳ ಫೋನಿನಲ್ಲಿ ಮೂಡಿದರೆ ಕೆಟ್ಟ ಸುದ್ದಿಯೇ ಇರಬೇಕೆಂಬಂತೆ ತಾನೇ ಮಾಡಿಟ್ಟಿದ್ದೇನೆ ಎಂದು ಅವನಿಗೆ ತಿಳಿಯಿತು. ಹೆದರಬೇಡ, ಅವಳು ಮಾತಾಡಬೇಕಂತೆ ಎಂದ. ಫೋನನ್ನು ಮಗಳ ಕೈಗೆ ಕೊಟ್ಟ. ಇವತ್ತೇ ಅಮ್ಮನ ಮನೆಗೆ ಹೋಗಬೇಕೆನ್ನಿಸಿದರೆ ಹೋಗು, ಶುಕ್ರವಾರದ ತನಕ ಕಾಯಬೇಕಿಲ್ಲ, ನಾನೇ ಬಿಟ್ಟು ಬರುತ್ತೇನೆ ಅಂದ. ಆಮೇಲೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಬಾಲ್ಕನಿಗೆ ಹೋದ.

ಹೆಲ್ಕಾ ಫೋನ್ ಕಿವಿಗಿಟ್ಟುಕೊಂಡೇ ಬಂದು, ಅಮ್ಮನ ಮಾತಿನಲ್ಲಿ ಮುಳುಗಿ, ಅವನು ಹೊರಗಿದ್ದಾನೆಂಬುದನ್ನೂ ಗಮನಿಸದೆ ಬಾಲ್ಕನಿಯ ಬಾಗಿಲು ಎಳೆದು ಹಿಡಿಕೆ ತಿರುಗಿಸಿಬಿಟ್ಟಳು. ಚಳಿ ಒಳಗೆ ಬರದಿರಲೆಂದು ಇರಬೇಕು. ಆ ಹಿಡಿಕೆ ಇರುವುದು ಒಳಗಿನಿಂದ ಮಾತ್ರ. ಅವನ ಮೈಮೇಲೆ ತೆಳು ಅಂಗಿ, ಇನ್ನೂ ಒಣಗದ ಪ್ಯಾಂಟು, ಕಾಲಲ್ಲಿ ಬರೀ ಕಾಲುಚೀಲ. ಗಾಜಿನೊಳಗೆ ಅವಳು ಸೋಫಾದ ಮೂಲೆಯಲ್ಲಿ ಕಾಲು ಮಡಚಿ ಕೂತು, ಇವನಿಗೆ ಬೆನ್ನು ಮಾಡಿ ಮಾತಾಡುತ್ತಿದ್ದಳು. ಮಾತು ಕೇಳುತ್ತಿರಲಿಲ್ಲ. ಹೆಗಲು ಒಮ್ಮೆ ನಡುಗಿದ್ದು, ಒಂದು ಕೈ ಗಾಳಿಯಲ್ಲಿ ಬಾಟಲಿಯ ಎತ್ತರ ತೋರಿಸಿದ್ದು, ಆಮೇಲೆ ತಲೆ ಹಿಂದಕ್ಕೆ ವಾಲಿದ್ದು ಕಂಡಿತು. ನಗುತ್ತಿದ್ದಳು. ಈ ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೆಂದು ಅವನಿಗೆ ಹೇಳಲು ಬರಲಿಲ್ಲ. ಕೆಳಗಿನ ಅಂಗಳದಲ್ಲಿ ಒಬ್ಬರು ನಾಯಿ ಹಿಡಿದುಕೊಂಡು ಹೋದರು, ತಲೆಯೆತ್ತಿ ಇವನನ್ನು ನೋಡಿದರು, ಇವನು ಮಾಮೂಲಿನಂತೆ ತಲೆಯಾಡಿಸಿದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹಲ್ಲು ಕಟಕಟನೆ ಬಡಿದುಕೊಳ್ಳತೊಡಗಿತು. ಒಂದು ಸಲ ಗಾಜು ತಟ್ಟಿದರೆ ಸಾಕು. ಅವನು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಒರಗಿದ. ತಟ್ಟಲಿಲ್ಲ.

ಕೊನೆಗೆ ಅವಳೇ ತಿರುಗಿ ನೋಡಿ, ಕಣ್ಣರಳಿಸಿ ಓಡಿಬಂದು ಬಾಗಿಲು ತೆಗೆದಳು. ಫೋನನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಹುಚ್ಚಾ ನಿಂಗೆ? ತಟ್ಟಬಾರ್ದಿತ್ತಾ?"

"ಮಾತಾಡ್ತಿದ್ಯಲ್ಲ."

ಅವಳು ಅವನ ನೀಲಿಗಟ್ಟಿದ ತುಟಿಯನ್ನೂ ಒದ್ದೆ ಕಾಲುಚೀಲವನ್ನೂ ನೋಡಿದಳು. ಸೋಫಾದ ಮೇಲಿನ ಉಣ್ಣೆಯ ಹೊದಿಕೆಯನ್ನು ಎಳೆದು ತಂದು ಅವನ ಹೆಗಲಿಗೆ ಹಾಕಿದಳು. ಅಮ್ಮ ಇಲ್ಲಿಗೇ ಬರುತ್ತಾಳಂತೆ ಅಂದಳು. ನಾನು ಹೋಗುವುದು ಬೇಡ, ನನಗೆ ನನ್ನ ಹಾಸಿಗೆಯಲ್ಲೇ ಮಲಗಬೇಕು. ಆದರೆ ಅಮ್ಮ ಬರಲಿ. ಮೇಲೆ ಬರಬಹುದಾ ಅಂತ ಅಮ್ಮ ಕೇಳುತ್ತಿದ್ದಾಳೆ. ಕೈಸು ಈ ಮನೆಯ ಮೆಟ್ಟಿಲು ಹತ್ತಿದ್ದೇ ಇಲ್ಲ. ಒದ್ದೆ ನೆಲ, ಕರುಳು ಹೊರಗೆ ಹಾಕಿಕೊಂಡು ಕೂತ ಮೆಷಿನ್ನು, ತೊಟ್ಟಿಯಲ್ಲಿ ಹೋಗದ ಕಲೆ, ಫ್ರಿಜ್ಜಿನ ಮೇಲಿನ ಕಾಗದ, ಅವಳು ಎಲ್ಲವನ್ನೂ ನೋಡುತ್ತಾಳೆ. ತಪಿಯೊ ಬರಲಿ ಅನ್ನು ಎಂದ.

ಹೆಲ್ಕಾ ಫೋನ್ ಮತ್ತೆ ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ನಡೆದಳು. ಅವನಿಗೆ ಕೇಳಿಸದಿರಲೆಂದು ದನಿ ತಗ್ಗಿಸಿದ್ದಳು, ಆದರೆ ಆ ಮನೆ ಅಷ್ಟೇನೂ ದೊಡ್ಡದಲ್ಲ.

"ಬಾ ಅಂತೆ ಅಮ್ಮಾ. ಆದ್ರೆ ಅವನಿಗೆ ಏನೂ ಅನ್ಬೇಡ, ಆಯ್ತಾ? ಪಾಪ, ಬೆಳಿಗ್ಗೆಯಿಂದ ತುಂಬಾ ಒದ್ದಾಡಿದಾನೆ."

ತಪಿಯೊ ಹೊದಿಕೆಯನ್ನು ಬಿಗಿಯಾಗಿ ಎಳೆದುಕೊಂಡು, ಒದ್ದೆ ನೆಲ ಒರೆಸಲು ಬಚ್ಚಲುಮನೆಗೆ ಹೋದ.